ಇಳಿದ ಮೇಲೂ ಪಯಣ

ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ ವಿಮಾನ ನೆಲ ಮುಟ್ಟಿದ್ದೇ ತಡ, ಬೆಲ್ಟ್ ಬಿಚ್ಚಲು ತವಕಿಸುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. 2003ರಲ್ಲಿ ಶುರುವಾದ ಪೋಲ್ಡರ್‌ಬಾನ್ ರನ್‌ವೇಯಲ್ಲಿ ಇಳಿದಿರೋ, ಟರ್ಮಿನಲ್ ಇನ್ನೂ ಪರವೂರು. ವಿಮಾನ ಕಾಲು ಗಂಟೆ ಉರುಳುತ್ತಲೇ ಇರುತ್ತದೆ. ಹೊಲ ಬಂತು, ಕಾಲುವೆ ಬಂತು, ಆಮೇಲೊಂದು ಸೇತುವೆಯೂ ಬಂತು. ಕೆಳಗೆ ಹೆದ್ದಾರಿಯಲ್ಲಿ ಕಾರುಗಳು ಭರ್ರನೆ ಓಡುತ್ತಿವೆ.

ಪಕ್ಕದ ಸೀಟಿನ ಅಜ್ಜಿ ಗಾಬರಿಯಾಗಿ, "ಏನಪ್ಪಾ, ಇನ್ನುಳಿದಿದ್ದು ರೋಡಲ್ಲೇ ಕರ್ಕೊಂಡ್ ಹೋಗ್ತಾರಾ?" ಅಂದರು.

"ಹೌದಜ್ಜಿ, ಮುಂದೆ ಟೋಲ್ ಇದೆ" ಅಂದೆ. ಅವರು ಚಿಲ್ಲರೆ ಹುಡುಕತೊಡಗಿದರು.

ಈ ನಿಲ್ದಾಣ ಇರುವುದೇ ಸಮುದ್ರಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗೆ. ಡಚ್ಚರು ಪಂಪು ಹಚ್ಚಿ 1852ರಲ್ಲಿ ಬತ್ತಿಸಿ ಮುಗಿಸಿದ ದೊಡ್ಡ ಸರೋವರದ ತಳವಿದು. ಧರ್ಮಾಂಬುಧಿ ಕೆರೆಯಂಗಳದ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದು ಬೆಳೆದ ನನಗೆ ಇದರಲ್ಲೇನೂ ವಿಶೇಷ ಕಾಣಲಿಲ್ಲ.

ವಿಶೇಷ ಇರುವುದು ಗಂಡಸರ ಶೌಚಾಲಯದಲ್ಲಿ. ಇಲ್ಲಿನ ಬಟ್ಟಲುಗಳಲ್ಲಿ ನೊಣದ ಚಿತ್ರ ಕೊರೆದದ್ದು ಲೋಕಪ್ರಸಿದ್ಧ. ಗಂಡಸಿಗೆ ಗುರಿಯೊಂದು ಕೊಟ್ಟರೆ ನೆಲ ಒದ್ದೆಯಾಗುವುದು ಕಡಿಮೆಯಂತೆ! ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ನೊಣವನ್ನು ತಮ್ಮ ಪುಸ್ತಕಕ್ಕೂ ತಂದರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ನೊಣಕ್ಕೆ ಏನೂ ಬರಲಿಲ್ಲ.

ಗುಟ್ಟೆಲ್ಲ ಗೊತ್ತಿದ್ದೂ ನಾನು ಮತ್ಸ್ಯಯಂತ್ರದ ಮುಂದಿನ ಅರ್ಜುನನಂತೆ ನಿಂತೆ. ಲೋಕವೆಲ್ಲ ಮಸುಕಾಗಿ ನೊಣವೊಂದೇ ಉಳಿಯಿತು. ಹಿಂದೆ ಸಾಲಿನಲ್ಲಿದ್ದವರೊಬ್ಬರು ಕೆಮ್ಮಿದರು. ಕಣ್ಣು ಕದಲಿಸದೆ ಕೈಯೆತ್ತಿ, ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದೆ.