ವ್ಯಾಪ್ತಿ ಕಾಕಾ

ಧಾರವಾಡದ ಸಪ್ತಾಪುರದ ಕಡೆ ಸಂಜೆ ತಿರುಗಾಡುವವರಿಗೆ ಇವರು ಎದುರಾಗದೇ ಇರುವುದಿಲ್ಲ. ಯಾವುದೋ ಕಾರ್ಖಾನೆಯ ಕ್ವಾಲಿಟಿ ವಿಭಾಗದಿಂದ ರಿಟೈರ್ ಆದವರು. ಕಿಸೆಯಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ಯಾರದೋ ಕರಡು. ಹಿಂದೊಮ್ಮೆ ಭಾರತೀಯ ಮಾನಕ ಬ್ಯೂರೋದ ಯಾವುದೋ ಸಮಿತಿಯಲ್ಲಿ ಕೂತು ಬಂದವರಂತೆ. ಆ ಸಮಿತಿ ಯಾವ ವಸ್ತುವಿನದೆಂದು ಎಂದೂ ಹೇಳಿಲ್ಲ. ಮಾನಕದ ಕರಡಿನಲ್ಲಿ ಮುನ್ನುಡಿ, ವ್ಯಾಪ್ತಿ, ಉಲ್ಲೇಖ, ಪರಿಭಾಷೆ ತಮ್ಮ ತಮ್ಮ ಜಾಗದಲ್ಲಿದ್ದರಾಯಿತು, ನಡುವೆ ಪಂಪ್‌ಸೆಟ್ ಇದ್ದರೂ ಸೈ, ಹಪ್ಪಳ ಇದ್ದರೂ ಸೈ. ಓಣಿಯ ಹುಡುಗರು ಇಟ್ಟ ಹೆಸರು ವ್ಯಾಪ್ತಿ ಕಾಕಾ. ಕರಡನ್ನು ಯಾವ ಸಮಿತಿ ಅಂತಿಮಗೊಳಿಸಿತು, ಯಾವ ಪರಿಷತ್ತು ಒಪ್ಪಿತು ಎಂಬ ಮುನ್ನುಡಿಯ ಮಾಮೂಲಿ ಸಾಲನ್ನು ಅವರು ಪೂಜೆಗೆ ಕೂತು ಸಂಕಲ್ಪ ಹೇಳುವ ಧಾಟಿಯಲ್ಲಿ ಓದುತ್ತಾರೆ.

ದೇಶದ ಒಂದನೇ ನಂಬರಿನ ಮಾನಕ, ಐಎಸ್ 1, ರಾಷ್ಟ್ರಧ್ವಜದ್ದು. ಮೊದಲು ಬಂದದ್ದು 1951ರಲ್ಲಿ. ಅದರ ಪ್ರಕಾರ ಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ. 6300 ಮಿ.ಮೀ. ಉದ್ದದ್ದರಿಂದ 150 ಮಿ.ಮೀ.ವರೆಗೆ ಒಂಬತ್ತು ಅಳತೆ. ಊರಿಗೆಲ್ಲ ಅದರ ಅಭಿಮಾನ. ಕಾಕಾನ ಭಕ್ತಿ ಮಾತ್ರ ಐಎಸ್ 2ಕ್ಕೆ, ಅಂದರೆ ಅಂಕಿಗಳನ್ನು ರೌಂಡ್ ಆಫ್ ಮಾಡುವ ನಿಯಮಕ್ಕೆ. "ಒಂದನೇದಕ್ಕ ಎಲ್ಲಾರೂ ಸೆಲ್ಯೂಟ್ ಹೊಡೀತಾರ. ಎರಡನೇದಕ್ಕ ಯಾರದಾರ? ಉಳಿದ ಮಾನಕಗಳ ಮುನ್ನುಡಿಯ ಕಡೀ ಸಾಲು ನೋಡ್ರಿ, ಅಲ್ಲಿ ಮಾತ್ರ ಅದಕ್ಕ ಮರ್ಯಾದಿ!"

ಆ ಮರ್ಯಾದೆಯನ್ನು ಅವರು ಮಿರ್ಚಿ-ಗಿರ್ಮಿಟ್ ಅಂಗಡಿಯಲ್ಲೂ ಸಲ್ಲಿಸುತ್ತಾರೆ. ತಮ್ಮ ಪಾಲಿಗೆ 22 ರೂಪಾಯಿ 50 ಪೈಸೆ ಬಂದರೆ 22 ಕೊಡುತ್ತಾರೆ. 23 ರೂಪಾಯಿ 50 ಪೈಸೆ ಬಂದರೆ 24. ಸರಿಯಾಗಿ ಅರ್ಧ ಉಳಿದಾಗ ಸಮಸಂಖ್ಯೆಯ ಕಡೆಗೇ ಹೋಗಬೇಕೆಂಬುದು ಐಎಸ್ 2ರ ಕಟ್ಟಳೆ. "ಪ್ರತೀ ಸಲ ಮ್ಯಾಲೇ ಏರಿಸಿದ್ರ ತಪ್ಪು ಕೂಡಕೋತ ಹೋಗ್ತದೋ ತಮ್ಮಾ." ಅಂಗಡಿಯವನು ಕೈ ಮುಗಿಯುತ್ತಾನೆ: "ಕಾಕಾರ, ನೀವು ಎಷ್ಟ ಕೊಟ್ರೂ ತಗೋತೀನಿ. ಲೆಕ್ಕ ಮಾತ್ರ ತಿಳಿಸಿ ಹೇಳಬ್ಯಾಡ್ರಿ."

ಬೆಂಗಳೂರಿನಲ್ಲಿರುವ ಕಾಕಾನ ಅಣ್ಣನ ಮಗ ಒಮ್ಮೆ ಇಂಟರ್ನೆಟ್ಟಿನ ಮಾನಕ ಬರೆಯುವ ಐಇಟಿಎಫ್ ಸಂಸ್ಥೆಯ ಕರಡೊಂದನ್ನು ತೋರಿಸಿದ. ಅಲ್ಲಿ ಭದ್ರತೆಯ ಬಗ್ಗೆ ಒಂದು ವಿಭಾಗ ಇರಲೇಬೇಕು. ನಂಬರು, ಹೆಸರುಗಳ ನೋಂದಣಿಗೆಂದು ಐಎಎನ್‌ಎ ಹೆಸರಿನ ಇನ್ನೊಂದು. ನೋಂದಣಿ ಬೇಕಿಲ್ಲದಿದ್ದರೆ ಬೇಕಿಲ್ಲ ಎಂದು ಬರೆಯುವುದೇ ಆ ವಿಭಾಗದ ಕೆಲಸ. ಕಾಕಾನ ಕಣ್ಣು ತುಂಬಿ ಬಂತು. "ಏನೂ ಇಲ್ಲ ಅಂತ ಹೇಳಾಕ ಒಂದು ವಿಭಾಗ! ಮಂದಿ ಸುಧಾರಿಸ್ಯಾರ ಬಿಡು." ಆರ್‌ಎಫ್‌ಸಿ ಎಂದು ಕರೆಯುವ ಅಲ್ಲಿನ ಹಳೆಯ ದಾಖಲೆಗಳಲ್ಲಿ ಭದ್ರತೆಯ ವಿಭಾಗದಡಿ 'ಭದ್ರತೆಯ ವಿಷಯ ಇಲ್ಲಿ ಚರ್ಚಿಸಿಲ್ಲ' ಎಂಬ ಒಂದೇ ಸಾಲು ಬರೆದು ಮುಗಿಸಿದವರು ಬೇಕಾದಷ್ಟಿದ್ದರು. ಖಾಲಿ ಬಿಟ್ಟರೆ ಮರೆತರೋ, ಬೇಡವಾಯಿತೋ ತಿಳಿಯದು ಎಂಬ ಕಾಕಾನ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಆ ಒಂದು ಸಾಲಿನ ಬಗ್ಗೆ ಕೇಳಿದರೆ, "ವಿಭಾಗ ಇತ್ತಲ್ಲ?" ಎನ್ನುತ್ತಾರೆ.

ಅದೇ ಹುಡುಗನ ಲಗ್ನಪತ್ರಿಕೆಯ ಕರಡು ಇವರ ಕೈಗೆ ಹೋದದ್ದು ಮನೆಯವರ ಕರ್ಮ. ವ್ಯಾಪ್ತಿ: ಈ ಆಮಂತ್ರಣ ಮಧ್ಯಾಹ್ನದ ಊಟಕ್ಕೆ ಅನ್ವಯ, ಆರತಕ್ಷತೆಗೆ ಅನ್ವಯಿಸುವುದಿಲ್ಲ. ಉಲ್ಲೇಖ: ಪಂಚಾಂಗ, ಇತ್ತೀಚಿನ ಆವೃತ್ತಿ. ಪರಿಭಾಷೆ: 'ಸಕುಟುಂಬ' ಎಂದರೆ ಒಂದೇ ರೇಷನ್ ಕಾರ್ಡಿನಲ್ಲಿ ಇರುವವರು. ವರ-ವಧುವಿನ ಹೆಸರು ಅನುಬಂಧ 'ಬಿ'ಯಲ್ಲಿ. ಕಾಕು ಅದನ್ನು ನೋಡಿ, "ಅನುಬಂಧ 'ಎ' ಎಲ್ಲೈತಿ?" ಎಂದು ಕೇಳಿದರು. ಇತ್ತು. 'ಈ ಅನುಬಂಧವನ್ನು ಬುದ್ಧಿಪೂರ್ವಕ ಖಾಲಿ ಬಿಡಲಾಗಿದೆ' ಎಂಬ ಸಾಲಿನೊಂದಿಗೆ.

ಹುಬ್ಬಳ್ಳಿ-ಧಾರವಾಡದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಪತ್ರಿಕೆಯ ಕರಡನ್ನು ಇಂಥವರಿಗೆ ತೋರಿಸಬೇಡಿ. ತೋರಿಸಲೇಬೇಕಾದರೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕವನ್ನು ಮುಹೂರ್ತಕ್ಕಿಂತ ಮೊದಲೇ ಇಡಿ.