ಕಪ್ಪಿಗೆ ಬಿಲ್ಲೆಷ್ಟು?

(ನಾಟಿಂಗ್‌ಹ್ಯಾಮ್‌ನ ಒಂದು ಮನೆ. ತಾತ ಊರಿನ ಫುಟ್‌ಬಾಲ್ ತಂಡ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಭಕ್ತ. ಮೊಮ್ಮಗ ಮ್ಯಾಂಚೆಸ್ಟರ್ ಸಿಟಿ ಪಾಲಾದವನು.)

ಮೊಮ್ಮಗ: ಸಿಟಿ ಮ್ಯಾನೇಜರ್ ಆಗಿ ಗಾರ್ಡಿಯೋಲಾ 2023ರಲ್ಲಿ ಒಂದೇ ಸೀಸನ್ನಿಗೆ ಮೂರು ಕಪ್ ಗೆದ್ದರು, ತಾತ!

ತಾತ: ಗ್ರೀಲಿಷ್ ಅನ್ನೋ ಒಬ್ಬ ಆಟಗಾರನಿಗೇ 10 ಕೋಟಿ ಪೌಂಡ್ ಸುರಿದರೆ ಯಾರು ಗೆಲ್ಲಲ್ಲ? ನಮ್ಮ ಫಾರೆಸ್ಟ್ ಮ್ಯಾನೇಜರ್ ಆಗಿದ್ದ ಬ್ರಯಾನ್ ಕ್ಲಫ್ ನೋಡು. ಎರಡನೇ ದರ್ಜೆಯಿಂದ ಮೇಲೆತ್ತಿದ ತಂಡಕ್ಕೆ ಮರುವರ್ಷವೇ, 1978ರಲ್ಲಿ, ಲೀಗ್ ಕಿರೀಟ. 1979, 1980ರಲ್ಲಿ ಯುರೋಪಿಯನ್ ಕಪ್. ಬರೀ ಬುದ್ಧಿ ಕಣೋ, ಬರೀ ಬುದ್ಧಿ!

ಮೊಮ್ಮಗ: 1979ರ ಫೈನಲ್‌ನಲ್ಲಿ ಗೋಲು ಹೊಡೆದದ್ದು ಯಾರು?

ತಾತ: ಟ್ರೆವರ್ ಫ್ರಾನ್ಸಿಸ್.

ಮೊಮ್ಮಗ: ಬ್ರಿಟನ್ನಿನ ಮೊದಲ 10 ಲಕ್ಷ ಪೌಂಡ್ ಆಟಗಾರ!

ತಾತ: (ಕೆಮ್ಮಿ) ಅದು ದೂರದೃಷ್ಟಿ. ಖರ್ಚು ಅಂದರೆ ಎದುರು ತಂಡದವರು ಮಾಡೋದು.

ಮೊಮ್ಮಗ: ಹಾಗಾದರೆ ಸಿರಿವಂತರನ್ನು ಅಗ್ಗದಲ್ಲಿ ಸೋಲಿಸಿದವರು?

ತಾತ: 2016ರಲ್ಲಿ ಲೆಸ್ಟರ್‌ನ ರನಿಯೇರಿ. ಅದೇ ನಿಜವಾದ ಮ್ಯಾನೇಜರಿಕೆ!

ಮೊಮ್ಮಗ: ಅವರನ್ನು ಮರುವರ್ಷವೇ ಕೆಲಸದಿಂದ ತೆಗೆದರು, ತಾತ.