ಪಟ್ಟಿ ಮಹಾಶಯರು

ಸ್ಕಾಟ್ಲೆಂಡಿನಲ್ಲಿ ಏಳೆಂಟು ಮಂದಿ ಗೆಳೆಯರು ಸೇರಿ ಹೈಲ್ಯಾಂಡ್ಸ್ ಬೆಟ್ಟಗಳ ತಪ್ಪಲಲ್ಲಿ ಒಂದು ಕಾಟೇಜನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದರೆಂದರೆ, ಆ ಗುಂಪಿನಲ್ಲಿ ಪಟ್ಟಿ ಮಹಾಶಯರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಯಾರೂ ಆರಿಸಿರುವುದಿಲ್ಲ, ಯಾರೂ ಬೇಡವೆಂದೂ ಹೇಳಿರುವುದಿಲ್ಲ. ಎಡಿನ್‌ಬರೋದ ಯಾವುದೋ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು ಎಂದಿಟ್ಟುಕೊಳ್ಳಿ. ಜೂನ್ ತಿಂಗಳ ಪ್ರವಾಸಕ್ಕೆ ಜನವರಿಯಲ್ಲೇ ಅವರ ಮೊದಲ ಇಮೇಲ್ ಬರುತ್ತದೆ, ಅದರ ಬಾಲಕ್ಕೆ ಒಂದು ಎಕ್ಸೆಲ್ ಪಟ್ಟಿ. ಯಾರಿಗೆ ಯಾವ ಕೋಣೆ, ಯಾವ ರಾತ್ರಿ ಯಾರ ಅಡುಗೆ, ಯಾರಿಗೆ ಹಾಲು ಒಗ್ಗದು, ಯಾರ ನಾಯಿಗೆ ಯಾರ ನಾಯಿ ಒಗ್ಗದು, ಎಲ್ಲಕ್ಕೂ ಒಂದೊಂದು ಕಾಲಂ.

ಇಂಥ ಕಾಟೇಜುಗಳ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ನಾಲ್ಕು ಗಂಟೆಗೆ ಮುಂಚೆ ಬೀಗ ತೆಗೆಯುವಂತಿಲ್ಲ. ಒಂದೇ ಕಾರು ಹಿಡಿಸುವ ರಸ್ತೆಯಲ್ಲಿ, ಎದುರಿಗೆ ಬಂದ ಪ್ರತಿ ಗಾಡಿಗೂ ದಾರಿ ಬಿಟ್ಟು, ಕೈಯೆತ್ತಿ ವಂದಿಸುತ್ತ ಉಳಿದವರು ಐದೂವರೆಗೆ ತಲುಪುವಷ್ಟರಲ್ಲಿ ಮಹಾಶಯರು ‘ಬಾಯ್ಲರ್ ಸರಿಯಿದೆಯೋ ನೋಡೋಣ ಅಂತ’ ಮೊದಲೇ ಬಂದು ಒಲೆ ಹಚ್ಚಿ ಕೂತಿರುತ್ತಾರೆ. ಬೆಟ್ಟ ಕಾಣುವ ದೊಡ್ಡ ಕೋಣೆ ಅವರ ಪಾಲಿಗೆ ಬಂದಿರುತ್ತದೆ. ಯಾಕೆಂದು ಯಾರಾದರೂ ಹುಬ್ಬೇರಿಸಿದರೆ, “ನನಗೇನು, ಮೂಲೆಯಲ್ಲಿ ಮುದುಡಿಕೊಂಡೇನು. ನಾಯಿಗೆ ಜಾಗ ಬೇಕಲ್ಲ!”

ನಾಯಿ ಗೋಲ್ಡನ್ ರಿಟ್ರೀವರ್. ಆ ತಳಿಯನ್ನು ಲಾರ್ಡ್ ಟ್ವೀಡ್‌ಮೌತ್ ಎಂಬ ಶ್ರೀಮಂತ 1860ರ ದಶಕದಲ್ಲಿ ರೂಪಿಸಲು ತೊಡಗಿದ್ದು ಇದೇ ಹೈಲ್ಯಾಂಡ್ಸ್‌ನ ಗ್ಲೆನ್ ಅಫ್ರಿಕ್ ಬಳಿಯ ತನ್ನ ಎಸ್ಟೇಟಿನಲ್ಲಿ. ಹಾಗಾಗಿ ಉಳಿದವರು ಪ್ರವಾಸಕ್ಕೆ ಬಂದಿದ್ದರೆ, ಅದು ತವರಿಗೆ ಬಂದಿರುತ್ತದೆ. ತವರಿಗೆ ಬಂದ ಮಗಳಿಗೆ ಸಲ್ಲುವ ಉಪಚಾರವೆಲ್ಲ ಅದಕ್ಕೆ ಸಲ್ಲಬೇಕು. ಅಡುಗೆಮನೆಯ ಗೋಡೆಯ ಮೇಲೆ ಕಾಟೇಜಿನ ಒಡೆಯರು ತೂಗುಹಾಕಿದ ನಿಯಮಾವಳಿಯನ್ನು ಮಹಾಶಯರು ಎಲ್ಲರನ್ನೂ ನಿಲ್ಲಿಸಿಕೊಂಡು ಓದಿ ಹೇಳುತ್ತಾರೆ: ನಾಯಿಗಳು ಮಹಡಿ ಹತ್ತುವಂತಿಲ್ಲ, ಸೋಫಾ ಏರುವಂತಿಲ್ಲ, ಹಾಸಿಗೆಯಂತೂ ಕೂಡದೇ ಕೂಡದು. ರಾತ್ರಿ ಹನ್ನೊಂದಕ್ಕೆ ಮರದ ಮೆಟ್ಟಿಲ ಮೇಲೆ ಟಕಟಕ ಉಗುರಿನ ಸದ್ದು. ಹಿಂದೆಯೇ ಮಹಾಶಯರ ಪಿಸುದನಿ: “ಬೇಗ ಬಾರೋ, ಯಾರಾದರೂ ಎದ್ದಾರು.”

ಮರುದಿನ ಮನ್ರೋ. 3,000 ಅಡಿ ಮೀರಿದ ಸ್ಕಾಟಿಷ್ ಶಿಖರಗಳನ್ನು ಸರ್ ಹ್ಯೂ ಮನ್ರೋ 1891ರಲ್ಲಿ ಪಟ್ಟಿ ಮಾಡಿ ಪ್ರಕಟಿಸಿದ. ಅವನ ಹೆಸರಿನಿಂದಲೇ ಮನ್ರೋ ಎನಿಸಿಕೊಂಡ ಅವು ಇಂದಿನ ಲೆಕ್ಕಕ್ಕೆ 282. ಒಂದೊಂದೇ ಹತ್ತಿ ಗೆರೆ ಎಳೆಯುವುದು ಅಲ್ಲಿ ಸಾವಿರಾರು ಜನರ ವ್ರತ. ಪಟ್ಟಿ ಮಾಡಿ ಅಮರನಾದವನು ಮಹಾಶಯರಿಗೆ ಕುಲದೇವರಾಗದೆ ಇನ್ನೇನು? “ಸರ್, ನಿಮಗಿನ್ನೆಷ್ಟು ಬಾಕಿ?” ಎಂದು ಕೇಳಬೇಡಿ. 1919ರಲ್ಲಿ ತೀರಿಕೊಂಡ ಮನ್ರೋ ತನ್ನ ಪಟ್ಟಿಯನ್ನು ತಾನೇ ಮುಗಿಸಿರಲಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹೊರಡುವ ಮುನ್ನ ನಕ್ಷೆ ಹರಡಿ ನೇಸ್ಮಿತ್ ಸೂತ್ರದಂತೆ ಕಾಲ ಕಟ್ಟುತ್ತಾರೆ. ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಈ ಲೆಕ್ಕದಲ್ಲಿ ಚಹಾಕ್ಕೆ, ಫೋಟೋಗೆ, ಜೌಗಿನಲ್ಲಿ ಹೂತ ಬೂಟನ್ನು ಇಬ್ಬರು ಹಿಡಿದು ಎಳೆಯುವುದಕ್ಕೆ ಬಿಡುವಿಲ್ಲ. ಕುರಿಗಳು ಕಂಡ ಕೂಡಲೇ ಮಹಾಶಯರಿಗೆ ಕಾನೂನು ನೆನಪಾಗುತ್ತದೆ. 2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಬಹುಪಾಲು ನೆಲದಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ. ಕುರಿಗಳ ಮೇಲೆ ನಾಯಿ ಬಿದ್ದರೆ ಮಾತ್ರ 2021ರ ಕಾಯ್ದೆಯ ಪ್ರಕಾರ ದಂಡ 40,000 ಪೌಂಡಿನವರೆಗೂ ಹೋದೀತು, ಜೈಲೂ ಆದೀತು. ಇಷ್ಟನ್ನೂ ವಿವರಿಸಿ ಉಳಿದವರ ನಾಯಿಗಳಿಗೆಲ್ಲ ಹಗ್ಗ ಹಾಕಿಸುತ್ತಾರೆ. ತಮ್ಮದಕ್ಕೆ ಕೊನೆಗೆ, ಒಲ್ಲದ ಮನಸ್ಸಿನಿಂದ: “ನಮ್ಮವನು ಸಾಧು. ಏನೂ ಮಾಡೋನಲ್ಲ.” ಸಾಧು ಕುರಿಯನ್ನೇನೋ ಮುಟ್ಟುವುದಿಲ್ಲ. ಕುರಿಗಳನ್ನು ದಾಟಿ ಹಗ್ಗ ಬಿಚ್ಚಿದ್ದೇ ತಡ, ಎಂದೋ ಸತ್ತ ಜಿಂಕೆಯೊಂದನ್ನು ಹುಡುಕಿ ಅದರ ಮೇಲೆ ಮೈಯೆಲ್ಲ ಹೊರಳಿಸಿಕೊಂಡು ಬರುತ್ತದೆ. ವಾಪಸು ಬರುವಾಗ ಕಾರಿನ ಕಿಟಕಿಗಳೆಲ್ಲ ತೆರೆದಿರುತ್ತವೆ, ಮಳೆಯಿದ್ದರೂ.

ಶಿಖರದಲ್ಲಿ ಮಂಜು. ಚಾಚಿದ ಕೈ ಕಾಣದು. ಆದರೂ ಮಹಾಶಯರು ಊರುಗೋಲು ಚಾಚಿ, “ಅಗೋ ಅಲ್ಲಿ, 1,345 ಮೀಟರಿನ ಬೆನ್ ನೆವಿಸ್. ಅದರ ಎಡಕ್ಕೆ ನೋಡಿ...” ಎಂದು ಪರಿಚಯಿಸುತ್ತಾರೆ. ಎಲ್ಲರೂ ಬಿಳಿ ಗೋಡೆಯತ್ತ ಕತ್ತು ತಿರುಗಿಸಿ “ಓಹೋ” ಎನ್ನುತ್ತಾರೆ.

ಸಂಜೆ ಉಣುಗು ತಪಾಸಣೆ. ಮಂಗನ ಕಾಯಿಲೆ ಕಂಡ ನಮ್ಮ ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಅದು ಲೈಮ್ ಕಾಯಿಲೆ ಹರಡುತ್ತದೆ. ಮಹಾಶಯರು ಪ್ಲಾಸ್ಟಿಕ್ ಕೊಕ್ಕೆ ಹಿಡಿದು ಮೊದಲು ನಾಯಿಯ ಕಿವಿ, ಕಂಕುಳು, ಬೆರಳಸಂದಿ ಎಲ್ಲವನ್ನೂ ಸೋಸುತ್ತಾರೆ. ಮನುಷ್ಯರ ಸರದಿ ಆಮೇಲೆ, ಪಟ್ಟಿಯ ಪ್ರಕಾರ.

ಬುಧವಾರ ಹೊರಾಂಗಣದಲ್ಲಿ ಬಾರ್ಬೆಕ್ಯೂ ಎಂದು ಜನವರಿಯಲ್ಲೇ ನಿಗದಿಯಾಗಿರುತ್ತದೆ. ಮಿಜ್‌ಗಳಿಗೆ ಅದನ್ನು ಯಾರು ತಿಳಿಸಿದರೋ! ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಈ ನುಸಿ ಗಾಳಿ ಬೀಸಿದರೆ ಏಳುವುದಿಲ್ಲ. ಗಾಳಿ ನಿಂತ ಬೇಸಿಗೆಯ ಸಂಜೆ ಮೋಡದಂತೆ ಮುತ್ತುತ್ತದೆ. ತಲೆಗೆ ಬಲೆ ಹಾಕಿಕೊಂಡವರು ತಿನ್ನಲಾರರು, ಬಲೆ ತೆಗೆದವರು ನಿಲ್ಲಲಾರರು. ಐದೇ ನಿಮಿಷದಲ್ಲಿ ಎಲ್ಲರೂ ಒಳಗೆ, ಸಾಸೇಜುಗಳು ಹೊರಗೆ, ಸಾಸೇಜುಗಳ ಪಕ್ಕದಲ್ಲಿ ಸಾಧು.

ಶುಕ್ರವಾರ ರಾತ್ರಿ ಲೆಕ್ಕಾಚಾರ. ಎಲ್ಲರೂ ದುಡ್ಡು ಹಾಕಿದ್ದ ಬಿಸ್ಕತ್ತಿನ ಡಬ್ಬಿ ಮೇಜಿಗೆ ಬರುತ್ತದೆ. ಮಾಂಸ ತಿನ್ನದವರಿಗೆ ಮಾಂಸದ ಖರ್ಚಿಲ್ಲ, ಕುಡಿಯದವರಿಗೆ ವೈನಿನ ಖರ್ಚಿಲ್ಲ, ಪೆನ್ನಿಯವರೆಗೂ ನ್ಯಾಯ. ನಾಯಿ ತಿಂದ ಅಷ್ಟೂ ಸಾಸೇಜುಗಳು ಮಾತ್ರ ‘ಇತರೆ’ ಎಂಬ ಕಾಲಂ ಸೇರಿ ಎಲ್ಲರ ತಲೆಗೂ ಸಮನಾಗಿ ಹಂಚಿಹೋಗಿರುತ್ತವೆ.

ಶನಿವಾರ ಬೆಳಿಗ್ಗೆ ಹತ್ತರೊಳಗೆ ಮನೆ ಖಾಲಿ ಮಾಡಬೇಕು. ಉಳಿದವರು ಕಾಫಿ ಲೋಟ ಹಿಡಿದು ಬೆಟ್ಟ ನೋಡುತ್ತಿರುವಾಗ ಒಲೆಯ ಬೂದಿ ಬಳಿಯುವವರು, ಕಸ ವಿಂಗಡಿಸುವವರು, ಮಂಡಿಯೂರಿ ಹಾಸಿಗೆಯ ಮೇಲಿನ ಚಿನ್ನದ ಬಣ್ಣದ ಕೂದಲನ್ನು ಅಂಟುಟೇಪಿನಿಂದ ಒಂದೊಂದಾಗಿ ಕೀಳುವವರು ಮಹಾಶಯರೊಬ್ಬರೇ. ವಾರವಿಡೀ ಅವರ ಬೆನ್ನ ಹಿಂದೆ ನಕ್ಕವರಲ್ಲಿ ಒಬ್ಬರಿಗೂ ಆ ಕಾಟೇಜಿನ ಒಡೆಯರ ಫೋನ್ ನಂಬರು ಗೊತ್ತಿರುವುದಿಲ್ಲ.

ಆದ್ದರಿಂದ ನಿಮಗೂ ಇಂಥದೊಂದು ಎಕ್ಸೆಲ್ ಪಟ್ಟಿ ಬಂದರೆ ವಾದಕ್ಕಿಳಿಯಬೇಡಿ. ಕೊಟ್ಟ ಕೋಣೆ ಹಿಡಿಯಿರಿ, ಕೇಳಿದ ಹಣ ಕಳಿಸಿ, ‘ಇತರೆ’ಯ ಬಗ್ಗೆ ತುಟಿ ಬಿಚ್ಚಬೇಡಿ. ಅವರು ಮುನಿಸಿಕೊಂಡರೆ ಮುಂದಿನ ಜನವರಿಯಲ್ಲಿ ಪಟ್ಟಿ ಮಾಡುವ ಕೆಲಸ ನಿಮ್ಮ ತಲೆಗೇ ಬೀಳುತ್ತದೆ.